ಗೆರೆಯಿಂದ ಒಂದು ಗೇಣು

ಕಾಲೇಜು ಹಾಸ್ಟೆಲ್, ಕೋಣೆ 14
ಅಕ್ಟೋಬರ್ 3

ಪ್ರೀತಿಯ ಮಾವ,

ರಜೆ ಶುರುವಾಗಿ ಎರಡು ದಿನವಾಯಿತು. ಹಾಸ್ಟೆಲಿನಲ್ಲಿ ಉಳಿದವರು ಒಂಬತ್ತು ಜನ, ಒಂಬತ್ತೂ ಕ್ರೀಡಾ ಸೀಟಿನವರು. ಮಿಕ್ಕವರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋದರು. ನಮಗೆ ಮಾತ್ರ ಸುತ್ತೋಲೆ ಬಂತು: ಇದು ‘ಋಣ ಸಲ್ಲಿಕೆಯ ರಜೆ’ಯಂತೆ. ದಿನಾ ಮಧ್ಯಾಹ್ನ ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓಟ ಕಲಿಸಬೇಕಂತೆ, ಸಮಾಜ ಕೊಟ್ಟದ್ದನ್ನು ಸಮಾಜಕ್ಕೆ ಹಿಂತಿರುಗಿಸಬೇಕಂತೆ. ಹಾಗಾದರೆ ವೈದ್ಯರ ಮಕ್ಕಳಿಗೆ, ವಕೀಲರ ಮಕ್ಕಳಿಗೆ ಸಮಾಜ ಏನೂ ಕೊಟ್ಟಿಲ್ಲವೇ? ಋಣ ಇರುವುದು ಓಡಿ ಸೀಟು ಗಿಟ್ಟಿಸಿದವರಿಗೆ ಮಾತ್ರವೇ? ಇದನ್ನು ಸ್ಪೋರ್ಟ್ಸ್ ಸರ್ ಎದುರಿಗೇ ಕೇಳಿದೆ. “ನೀನು ಓಡೋದಕ್ಕಿಂತ ಓದೋದೇ ಜಾಸ್ತಿ ಅಂತ ಕಾಣ್ಸುತ್ತೆ,” ಎಂದು ಎದ್ದು ಹೋದರು. ನನ್ನ ಮಂಚದ ಕೆಳಗಿನ ಕರಪತ್ರಗಳ ಕಟ್ಟನ್ನು ಯಾರೋ ಅವರಿಗೆ ತೋರಿಸಿದ್ದಾರೆ. ಯಾರೆಂದು ಕಂಡುಹಿಡಿಯುತ್ತೇನೆ.

ನಿಜವಾದ ವಿಷಯ ಬೇರೆ ಇದೆ. ಮೂವತ್ತನೇ ತಾರೀಖು ನಮ್ಮೆಲ್ಲರಿಗೂ ಮರುಪರೀಕ್ಷೆ. ನಾನೂರು ಮೀಟರನ್ನು ಅರವತ್ತೆರಡು ಸೆಕೆಂಡಿನೊಳಗೆ ಓಡದಿದ್ದರೆ ನನ್ನ ಸೀಟು ರದ್ದು, ಹಾಸ್ಟೆಲೂ ರದ್ದು. ನೀವೇ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ನಮ್ಮ ಶಾಲೆಯ ಮೈದಾನದಲ್ಲಿ ನನ್ನನ್ನು ಓಡಿಸಿ ಬರೆದುಕೊಟ್ಟ ಸರ್ಟಿಫಿಕೇಟಿನಲ್ಲಿ 61.2 ಇದೆ. ಇಲ್ಲಿಗೆ ಬಂದು ವರ್ಷವಾದರೂ ನಾನು 63ರ ಕೆಳಗೆ ಇಳಿದಿಲ್ಲ. ನಿನ್ನೆ 63.4. ಅದೇ ಕಾಲು, ಅದೇ ಉಸಿರು. ಎರಡು ಸೆಕೆಂಡು ಎಲ್ಲಿ ಹೋಯಿತು?

ಇಲ್ಲಿನ ಮೈದಾನ ಕಾಯುವ ಮುದುಕನನ್ನು ಎಲ್ಲರೂ ಸುಣ್ಣದ ತಾತ ಎನ್ನುತ್ತಾರೆ. ಟ್ರ್ಯಾಕಿಗೆ ಗೆರೆ ಹಾಕುವವನು ಅವನೇ. ಮೊನ್ನೆ ಬೆಳಗ್ಗೆ ಟ್ರ್ಯಾಕಿನ ಒಳ ಅಂಚಿನ ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಅಂಗೈ ಹರಡಿ, ಬೆರಳಿನಿಂದ ಏನೋ ಗುರುತು ಮಾಡುತ್ತಿದ್ದ. ನನ್ನನ್ನು ನೋಡಿದ್ದೇ ತಡ, ಚಪ್ಪಲಿಯಿಂದ ಉಜ್ಜಿ ಅಳಿಸಿಬಿಟ್ಟ. “ಏನು ತಾತ ಅದು?” ಎಂದರೆ “ಏನಿಲ್ಲಮ್ಮ, ನಿನ್ನ ಕೆಲಸ ನೋಡ್ಕೋ,” ಎಂದ. ಏನಿಲ್ಲದ್ದನ್ನು ಯಾರಾದರೂ ಅಳಿಸುತ್ತಾರೆಯೇ ಮಾವ?

ಅಮ್ಮನಿಗೆ ಈ ಕಾಗದ ತೋರಿಸಬೇಡಿ.

ನಿಮ್ಮ
ಸೊಸೆ

*

ಅಕ್ಟೋಬರ್ 8

ಬೆಂಕಿಪೊಟ್ಟಣಕ್ಕೆ ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ನಿನ್ನ ಅಮ್ಮ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, “ಏನ್ ಬರೆದಿದಾಳೆ?” ಎಂದು ಮೂರು ಸಲ ಕೇಳಿದಳು. “ಊಟ ಚೆನ್ನಾಗಿದೆಯಂತೆ,” ಎಂದೆ. ನಂಬಲಿಲ್ಲ. ನಿಮ್ಮಿಬ್ಬರದೂ ಒಂದೇ ರಕ್ತ.

ಹೊಸ ಜಾಗ, ಹೊಸ ನೀರು, ಓಟ ಹಿಂದೆಮುಂದೆ ಆಗುತ್ತದೆ. ಸರಿಯಾಗಿ ನಿದ್ದೆ ಮಾಡು. ಮೊದಲ ನೂರು ಮೀಟರಿನಲ್ಲಿ ಯಾರದೋ ಮೇಲೆ ಸಿಟ್ಟಿಟ್ಟುಕೊಂಡವಳ ಹಾಗೆ ನುಗ್ಗುತ್ತೀಯ, ಅದನ್ನು ಬಿಡು. ತಿರುವಿನಲ್ಲಿ ಎಡಗೈ ಕೆಳಗಿರಲಿ. ಗೆರೆಯಿಂದ ಒಂದು ಗೇಣು ಬಿಟ್ಟು ಓಡು, ಹೆಚ್ಚು ಹೊರಕ್ಕೆ ಹೋಗಬೇಡ. ಈ ಮಾತನ್ನು ಎಂಟು ವರ್ಷ ಹೇಳಿ ನನ್ನ ಗಂಟಲು ಒಣಗಿದೆ.

ಇಲ್ಲಿ ಸೈಕಲ್ ಅಂಗಡಿಯವರ ಮಗಳು ನಿನ್ನ ದಾಖಲೆಯನ್ನೇ ಮುರಿದಿದ್ದಾಳೆ. 60.9. ತಿಂಗಳ ಕೊನೆಗೆ ಅವಳ ಸರ್ಟಿಫಿಕೇಟೂ ನಿಮ್ಮ ಕಾಲೇಜಿಗೇ ಹೋಗಬೇಕು. ಹುಡುಗಿ ಈಗಲೇ ಅಲ್ಲಿನ ಹಾಸ್ಟೆಲಿನ ಕನಸು ಕಾಣುತ್ತಿದ್ದಾಳೆ.

ಮುದುಕನ ಸಹವಾಸಕ್ಕೆ ಹೋಗಬೇಡ. ನೆಲದ ಮೇಲೆ ಕೂತವರೆಲ್ಲ ಕಳ್ಳರಲ್ಲ.

ಮಾವ

*

ಅಕ್ಟೋಬರ್ 12

ಪ್ರೀತಿಯ ಮಾವ,

ಸಿಕ್ಕಿಬಿದ್ದರು!

ಸಿವಿಲ್ ವಿಭಾಗದಿಂದ ಐವತ್ತು ಮೀಟರಿನ ಟೇಪು ತಂದೆ. ನಿನ್ನೆ ಬೆಳಗ್ಗೆ ತಾತ ಬರುವ ಮೊದಲೇ ಹಾಸ್ಟೆಲಿನ ಅಡುಗೆಯಕ್ಕನನ್ನು ಎಬ್ಬಿಸಿಕೊಂಡು ಮೈದಾನಕ್ಕೆ ಹೋದೆ. “ಏನವ್ವಾ ಇದು, ನೆಲಕ್ಕೆ ಅಂಗಿ ಹೊಲಿಸ್ತೀಯಾ?” ಎಂದು ಬೈಯುತ್ತಲೇ ಟೇಪಿನ ತುದಿ ಹಿಡಿದಳು. ಮೊದಲ ಲೇನಿನ ನಟ್ಟನಡುವೆ, ತಿರುವುಗಳಲ್ಲಿ ಎರಡೆರಡು ಮೀಟರಿಗೆ ಒಂದು ಗೂಟ ನೆಟ್ಟು ಅಳೆದೆ. ಓಡುವವರು ಗೆರೆಯ ಮೇಲೆ ಓಡುವುದಿಲ್ಲ, ಲೇನಿನೊಳಗೆ ಓಡುತ್ತಾರೆ. ನ್ಯಾಯ ಯಾವಾಗಲೂ ನಡುವೆ ನಿಲ್ಲಬೇಕು. ಎರಡು ಸಲ ಅಳೆದೆ. ಎರಡು ಸಲವೂ ನಾನೂರ ಎರಡೂವರೆ ಮೀಟರು.

ಎರಡೂವರೆ ಮೀಟರು ಹೆಚ್ಚು! ನಮ್ಮನ್ನು ಅಷ್ಟು ಹೆಚ್ಚು ಓಡಿಸಿ, ಆಮೇಲೆ “ನಿನಗೆ ಯೋಗ್ಯತೆ ಇಲ್ಲ” ಎಂದು ಮನೆಗೆ ಕಳಿಸುವ ಯೋಜನೆ ಇದು. ಒಂಬತ್ತು ಸೀಟು ಖಾಲಿಯಾದರೆ ಯಾರಿಗೆ ಲಾಭ ಎಂದು ನೀವೇ ಯೋಚಿಸಿ. ಎರಡೂವರೆ ಮೀಟರಿಗೆ ಅರ್ಧ ಸೆಕೆಂಡೂ ಆಗುವುದಿಲ್ಲ ಎಂದು ನೀವು ಹೇಳಬಹುದು. ಮಿಕ್ಕ ಒಂದೂವರೆ ಸೆಕೆಂಡು ಸ್ಟಾಪ್‌ವಾಚಿನಲ್ಲಿದೆ. ಅದೂ ಅವರ ಕೈಯಲ್ಲೇ ಇದೆಯಲ್ಲ.

ಈಗ ನಿಮ್ಮಿಂದ ಒಂದು ಉಪಕಾರ ಬೇಕು. ನಮ್ಮ ಶಾಲೆಯ ಟ್ರ್ಯಾಕಿನ ಒಂದು ಸುತ್ತು ಸರಿಯಾಗಿ ಇನ್ನೂರು ಮೀಟರು, ಎರಡು ಸುತ್ತಿಗೆ ನಾನೂರು ಎಂದು ಹೆಡ್ಮಾಸ್ಟರ ಮೊಹರು ಹಾಕಿಸಿ ಬರೆದು ಕಳಿಸಿ. ಅಲ್ಲಿ 61.2, ಇಲ್ಲಿ 63.4 ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಇವರ ಬಾಯಿಗೆ ಬೀಗ ಬೀಳುತ್ತದೆ. ಬೇಗ ಕಳಿಸಿ.

ಮಕ್ಕಳ ಶಾಲೆಗೂ ಹೋಗುತ್ತಿದ್ದೇನೆ. ಮೊದಲ ದಿನ ಬ್ಯಾನರು ಕಟ್ಟಿ ಫೋಟೋ ತೆಗೆದರು. ಎರಡನೇ ದಿನ ಬ್ಯಾನರೂ ಇಲ್ಲ, ಫೋಟೋದವನೂ ಇಲ್ಲ. ಮೂರನೇ ತರಗತಿಯ ಒಂದು ಪುಟಾಣಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಕ್ಕಾ, ಇವತ್ತು ಫೋಟೋ ಇಲ್ವಲ್ಲ, ಆದ್ರೂ ಯಾಕೆ ಬಂದ್ರಿ?” ಎಂದಳು. ಆ ಮಗು ನನಗೆ ತುಂಬ ಹಿಡಿಸಿತು.

ನಿಮ್ಮ
ಸೊಸೆ

*

ಅಕ್ಟೋಬರ್ 17

ಬೆಂಕಿಪೊಟ್ಟಣಕ್ಕೆ,

ಹೆಡ್ಮಾಸ್ಟರು ತರಬೇತಿಗೆ ಹೋಗಿದ್ದಾರೆ. ಮೊಹರು ಅವರ ಬೀರುವಿನಲ್ಲಿದೆ, ಬೀಗದ ಕೈ ಅವರ ಜೇಬಿನಲ್ಲಿದೆ. ಯಾವಾಗ ಬರುತ್ತಾರೋ ಗೊತ್ತಿಲ್ಲ.

ಅಳತೆಯ ತಂಟೆಗೆ ಯಾಕೆ ಹೋದೆ? ಓಡುವವಳು ಓಡಬೇಕು. ಟೇಪು ಎಲ್ಲಿಂದ ತಂದೆಯೋ ಅಲ್ಲಿಗೇ ಕೊಟ್ಟುಬಿಡು. ಎಲ್ಲೂ ಏನನ್ನೂ ಅಂಟಿಸಬೇಡ, ಯಾರ ಹೆಸರನ್ನೂ ಎತ್ತಬೇಡ. ಸ್ವಲ್ಪ ತಡೆ.

(ಇಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ. ಅದು ಬೇಕಾಗಿಲ್ಲ.)

ನಿನ್ನ ಅಮ್ಮ ಸ್ವೆಟರ್ ಹೆಣೆಯುತ್ತಿದ್ದಾಳೆ. ತೋಳಿನ ಅಳತೆ ಕೇಳಿದ್ದಾಳೆ.

ಮಾವ

*

ಅಕ್ಟೋಬರ್ 20

ಮಾವ,

ನಿಮ್ಮ ಕಾಗದ ಓದಿದೆ. ಆಮೇಲೆ ಇನ್ನೊಂದು ಸಲ ಓದಿದೆ. ಬೆಟ್ಟದಂಥ ಅನ್ಯಾಯವನ್ನು ತೋರಿಸಿದರೆ ನೀವು ಬೀರುವಿನ ಬೀಗದ ಕೈ ಬಗ್ಗೆ ಬರೆಯುತ್ತೀರಿ. ನೀವೂ ಅವರ ಕಡೆಯೇ? ಪಿ.ಟಿ. ಮೇಷ್ಟ್ರುಗಳೆಲ್ಲ ಒಂದೇ ಜಾತಿಯೇ?

ಹೊಡೆದುಹಾಕಿದ ಸಾಲನ್ನು ಎಷ್ಟು ಒತ್ತಿ ಗೀಚಿದ್ದೀರಿ ಎಂದರೆ ಕಾಗದ ಹರಿದಿದೆ. ಅಮ್ಮನ ಹಾಗೆ ನಾನೂ ಬೆಳಕಿಗೆ ಹಿಡಿದೆ. ಒಂದೇ ಒಂದು ಪದ ಕಾಣಿಸಿತು: “ಗೇಣು.” ಏನು ಗೇಣು? ಯಾರ ಗೇಣು? ಬೇಡವಾದ ಮಾತಾಗಿದ್ದರೆ ಹೊಸ ಹಾಳೆ ತೆಗೆದುಕೊಂಡು ಬರೆಯಬಹುದಿತ್ತು. ಹೇಳಲೂ ಆಗದೆ, ಬಿಡಲೂ ಆಗದೆ ಕಳಿಸಿದ್ದೀರಿ.

ನಾನು ತಡೆಯಲಿಲ್ಲ, ನಿಮ್ಮ ಕಾಗದ ಬರುವ ಮೊದಲೇ ಕೆಲಸ ಮುಗಿಸಿದ್ದೆ. ಹದಿನೆಂಟರ ಬೆಳಗ್ಗೆ ಊಟದ ಕೋಣೆಯಲ್ಲಿ, ಗ್ರಂಥಾಲಯದ ಬಾಗಿಲಲ್ಲಿ, ಕಚೇರಿಯ ನೋಟಿಸ್ ಬೋರ್ಡಿನಲ್ಲಿ ನನ್ನ ಕರಪತ್ರ ಅಂಟಿಸಿದೆ. ತಲೆಬರಹ: “ಎರಡೂವರೆ ಮೀಟರು ಯಾರ ಹೊಟ್ಟೆಗೆ?” ಅಳತೆ ಬರೆದೆ, ಗೆರೆ ಹಾಕಿದವನು ಯಾರೆಂದು ಬರೆದೆ, ಅವನು ಗುರುತು ಅಳಿಸಿದ್ದನ್ನೂ ಬರೆದೆ. ಕೆಳಗೆ “ಒಬ್ಬ ಎಚ್ಚೆತ್ತ ವಿದ್ಯಾರ್ಥಿನಿ” ಎಂದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಗದ್ದಲವಾಯಿತು. ಸಂಜೆ ತಾತನಿಗೆ ವಿಚಾರಣೆ ಮುಗಿಯುವವರೆಗೆ ಮೈದಾನಕ್ಕೆ ಕಾಲಿಡಬೇಡ ಎಂದರು. ಈಗ ಅವನು ಉಗ್ರಾಣದಲ್ಲಿ ಮುರಿದ ಬೆಂಚು ಎಣಿಸುತ್ತಿದ್ದಾನೆ.

ಅಡುಗೆಯಕ್ಕ ನನ್ನ ತಟ್ಟೆಗೆ ಬಡಿಸುತ್ತ, “ಟೇಪಿನ ತುದಿ ಹಿಡಿದೋಳು ನಾನು. ನನಗೆ ಗೊತ್ತಿದ್ದಿದ್ರೆ ಹಿಡೀತಾನೇ ಇರ್ಲಿಲ್ಲ. ಆ ಮುದುಕಪ್ಪ ಹತ್ತೊಂಬತ್ತು ವರ್ಷದಿಂದ ಒಂದು ದಿನ ರಜ ಹಾಕಿಲ್ಲ ಕಣೇ,” ಎಂದಳು. ನನಗೂ ಸ್ವಲ್ಪ ಕಸಿವಿಸಿಯಾಯಿತು. ಆದರೆ ರಜೆ ಹಾಕದವನು ಮೋಸ ಮಾಡುವುದಿಲ್ಲ ಎಂದು ಎಲ್ಲಿ ಬರೆದಿದೆ?

ನಾಡಿದ್ದು ಅಳತೆಯ ಸಮಿತಿ ಬರುತ್ತದೆ. ನಿಮ್ಮ ಮೊಹರಿಲ್ಲದೆಯೇ ಗೆಲ್ಲುತ್ತೇನೆ.

ನಿಮ್ಮ ಸೊಸೆ

*

ಅಕ್ಟೋಬರ್ 23

ಮಾವ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಿನ್ನೆ ಸಮಿತಿ ಬಂತು. ಪ್ರಿನ್ಸಿಪಾಲರು, ಗಣಿತದ ಮೇಷ್ಟ್ರು, ಸ್ಪೋರ್ಟ್ಸ್ ಸರ್, ಒಂದು ಉಕ್ಕಿನ ಟೇಪು. ನಾವು ಒಂಬತ್ತು ಜನ ಸುತ್ತ ನಿಂತಿದ್ದೆವು. ಗಣಿತದ ಮೇಷ್ಟ್ರು ನನ್ನ ಹಾಗೆಯೇ ಟೇಪನ್ನು ಲೇನಿನ ನಡುವೆ ಇಟ್ಟರು. ನನ್ನ ಎದೆ ಉಬ್ಬಿತು. ಸ್ಪೋರ್ಟ್ಸ್ ಸರ್ ತಲೆಯಾಡಿಸಿ, “ಹಾಗಲ್ಲ ಸರ್. ತಾತನ್ನ ಕರೆಸಿ, ಅವರೇ ತೋರಿಸಲಿ,” ಎಂದರು.

ತಾತ ಉಗ್ರಾಣದಿಂದ ಬಂದ. ಬಟ್ಟೆಯೆಲ್ಲ ಧೂಳು. ಯಾರ ಮುಖವನ್ನೂ ನೋಡಲಿಲ್ಲ. ಒಳಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳನ್ನು ಗೆರೆಗೆ ತಾಗಿಸಿ ಅಂಗೈ ಹರಡಿದ. ಕಿರುಬೆರಳು ಮುಟ್ಟಿದ ಕಡೆ ಒಂದು ಚುಕ್ಕೆ ಇಟ್ಟ.

“ಇಲ್ಲಿ ಅಳೀಬೇಕು ಸ್ವಾಮಿ. ಗೆರೆಯಿಂದ ಒಂದು ಗೇಣು ಆಚೆ. ಓಡೋರ ಕಾಲು ಇಲ್ಲೇ ಬೀಳುತ್ತೆ ಅಂತ ಲೆಕ್ಕ. ನಡುವೆ ಅಳೆದ್ರೆ ಲೋಕದಲ್ಲಿ ಯಾವ ಟ್ರ್ಯಾಕೂ ನಾನೂರು ಇರಲ್ಲ.”

ಸ್ಪೋರ್ಟ್ಸ್ ಸರ್ ನಿಯಮದ ಪುಸ್ತಕ ತೆರೆದು ತೋರಿಸಿದರು. ಇಪ್ಪತ್ತು ಸೆಂಟಿಮೀಟರು ಎಂದು ಅಚ್ಚಾಗಿದೆ. ಆ ಗೇಣಿನ ಮೇಲೆ ಸುತ್ತಲೂ ಗೂಟ ನೆಟ್ಟು ಅಳೆದರು. ನಾನೂರು ಮೀಟರು, ಎರಡು ಸೆಂಟಿಮೀಟರು. ಗಣಿತದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಬರೀ ಕೈಯಲ್ಲಾ?” ಎಂದರು.

ಅಂದು ಬೆಳಗ್ಗೆ ತಾತ ಮಾಡುತ್ತಿದ್ದದ್ದು ಇದನ್ನೇ. ಓಡುವವರ ಕಣ್ಣಿಗೆ ಎರಡನೇ ಗುರುತು ಬಿದ್ದರೆ ಗೊಂದಲವಾದೀತೆಂದು ಅಳಿಸುತ್ತಿದ್ದದ್ದು.

ಎಲ್ಲರೂ ಹೋದ ಮೇಲೆ ನಾನು ಅವರ ಹತ್ತಿರ ಹೋದೆ. ಇನ್ನು ಮುಂದೆ ‘ಅವನು’ ಎಂದು ಬರೆಯಲಾರೆ. “ಆ ಕಾಗದ ಬರೆದೋಳು ನಾನೇ ತಾತ,” ಎಂದೆ.

“ಗೊತ್ತು. ಬೇರೆ ಯಾರಿಗೆ ಅಷ್ಟು ಪುರುಸೊತ್ತಿದೆ?” ಎಂದರು. ಸುಣ್ಣದ ಡಬ್ಬಿ ಕೆರೆಯತೊಡಗಿದರು. “ಹತ್ತೊಂಬತ್ತು ವರ್ಷ ಆಯ್ತಮ್ಮ. ಬಹುಮಾನ ಕೊಡೋ ದಿನ ಪೆಂಡಾಲ್ ಹಾಕಿದೋರ ಹೆಸರು ಕೂಡ ಹೇಳ್ತಾರೆ. ಗೆರೆ ಹಾಕಿದ್ದು ಯಾರು ಅಂತ ಯಾರೂ ಕೇಳಿಲ್ಲ. ಮೊದಲ ಸಲ ಕೇಳಿದೋಳು ನೀನು. ಅದೂ ಕಳ್ಳ ಅಂತ ಕೇಳ್ದೆ.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರು ಅಷ್ಟಕ್ಕೆ ಬಿಡಲಿಲ್ಲ.

“ನಿನಗೆ ಓಟ ಕಲಿಸಿದ್ದು ಯಾರು?”

“ನಮ್ಮ ಮಾವ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು.”

“ನಡುವೆ ಅಳೆದೆ ಅಂತ ಅವರಿಗೆ ಬರೆದಿದ್ಯಾ?”

“ಬರೆದಿದ್ದೆ.”

“ಹಾಗಾದ್ರೆ ಅವರಿಗೆ ಕೂಡಲೇ ಗೊತ್ತಾಗಿರುತ್ತೆ. ಗೆರೆ ಹಾಕೋ ಮೇಷ್ಟ್ರಿಗೆ ಇದು ಗೊತ್ತಿಲ್ಲ ಅಂದ್ರೆ ಅಡುಗೆಯೋಳಿಗೆ ಉಪ್ಪು ಗೊತ್ತಿಲ್ಲ ಅಂದ ಹಾಗೆ.”

ಮಾವ, ಹೊಡೆದುಹಾಕಿದ ಸಾಲು ಈಗ ನನಗೆ ಪೂರ್ತಿ ಓದಲು ಬರುತ್ತದೆ. ನಾನು ತಪ್ಪು ಅಳೆದಿದ್ದೇನೆ ಎಂದು ಹದಿನೇಳನೇ ತಾರೀಖೇ ನಿಮಗೆ ಗೊತ್ತಿತ್ತು. ನಿಮ್ಮ ಕಾಗದ ಬರುವ ಮೊದಲೇ ನಾನು ಅಂಟಿಸಿಬಿಟ್ಟಿದ್ದೆ, ಆ ತಪ್ಪು ನನ್ನದೇ. ಆದರೂ ಆ ಒಂದು ಸಾಲು ಇದ್ದಿದ್ದರೆ ಕಿತ್ತುಹಾಕಬಹುದಿತ್ತು. ಅದನ್ನು ಯಾಕೆ ಹೊಡೆದಿರಿ?

ಯೋಚಿಸುತ್ತ ಹೋದರೆ ಇನ್ನೊಂದು ಪ್ರಶ್ನೆ ಎದುರು ಬರುತ್ತದೆ. ಇಲ್ಲಿನ ಟ್ರ್ಯಾಕ್ ಸರಿಯಾಗಿದೆ. ನನ್ನ ಗೆಳತಿಯರೂ ತಮ್ಮ ತಮ್ಮ ಗಡಿಯಾರದಲ್ಲಿ ನನ್ನ ಓಟ ಅಳೆದರು, ಸ್ಟಾಪ್‌ವಾಚೂ ಸರಿಯಾಗಿದೆ. ಹಾಗಾದರೆ ಎರಡು ಸೆಕೆಂಡು ಕಳೆದದ್ದು ಇಲ್ಲಲ್ಲ.

ನಮ್ಮ ಶಾಲೆಯ ಮೈದಾನ ಎಷ್ಟು, ಮಾವ?

*

ಅಕ್ಟೋಬರ್ 26

ಮಗಳೇ,

ಒಂದು ಸುತ್ತು ನೂರ ತೊಂಬತ್ತನಾಲ್ಕೂವರೆ ಮೀಟರು.

ನೀನು ಹತ್ತನೇ ತರಗತಿಯಲ್ಲಿದ್ದಾಗ ಹೊಸ ಪ್ರಯೋಗಾಲಯ ಕಟ್ಟಿದರಲ್ಲ, ಅದರ ಗೋಡೆ ಮೈದಾನದ ಪೂರ್ವದ ತಿರುವಿಗೆ ಬಂತು. ಗೋಡೆಗೆ ಯಾರೂ ಡಿಕ್ಕಿ ಹೊಡೆಯದಿರಲಿ ಎಂದು ತಿರುವನ್ನು ಮೂರು ಹೆಜ್ಜೆ ಈಚೆ ತಂದು ಗೆರೆ ಹಾಕಿದೆ. ಮೂರೇ ಹೆಜ್ಜೆ ತಾನೇ ಎಂದುಕೊಂಡೆ. ಹೋಗುವಾಗ ಮೂರು, ಬರುವಾಗ ಮೂರು, ಮತ್ತೆ ಎರಡನೇ ಸುತ್ತಿಗೆ ಅಷ್ಟೇ. ನಾನೂರರಲ್ಲಿ ಹನ್ನೊಂದು ಮೀಟರು ಕಡಿಮೆ. ನೀನು 61.2ರಲ್ಲಿ ಓಡಿದ್ದು ಮುನ್ನೂರ ಎಂಬತ್ತೊಂಬತ್ತು ಮೀಟರು.

ಅಳೆಯಲು ಮರೆತೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನಿನಗೆ ಸರ್ಟಿಫಿಕೇಟ್ ಬರೆದ ದಿನ ನಿಜವಾಗಿ ಗೊತ್ತಿರಲಿಲ್ಲ. ಇಡೀ ಶಾಲೆ ಚಪ್ಪಾಳೆ ತಟ್ಟುತ್ತಿತ್ತು. ಅನುಮಾನ ಬಂದು ಅಳೆದು ಬರುವ ಹೊತ್ತಿಗೆ ನಿನ್ನ ಪೆಟ್ಟಿಗೆ ಬಸ್ಸಿನ ಮೇಲೆ ಏರಿತ್ತು. ನಿನ್ನ ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಎಂಬುದು ಒಂದು ವರ್ಷವಾಯಿತು.

ಸೈಕಲ್ ಅಂಗಡಿಯವರ ಮಗಳು ಅದೇ ಗೆರೆಯ ಮೇಲೆ ಓಡಿದ್ದಾಳೆ. ಗೊತ್ತಿದ್ದೂ ಓಡಿಸಿದೆ. ಒಬ್ಬಳಿಗೆ ಸಿಕ್ಕಿದ್ದನ್ನು ಇನ್ನೊಬ್ಬಳಿಗೆ ಹೇಗೆ ತಪ್ಪಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಧರ್ಮದ ಹಾಗೆ ಕೇಳಿಸುತ್ತದೆ, ಅಲ್ಲವೇ?

ಹದಿನೇಳರಂದು ನಾನು ಬರೆದು ಹೊಡೆದುಹಾಕಿದ ಸಾಲು ಇದು: “ನಡುವೆ ಅಳೆಯಬಾರದು ಹುಚ್ಚಿ, ಗೆರೆಯಿಂದ ಒಂದು ಗೇಣು ಬಿಟ್ಟು ಅಳೆ.” ಅದನ್ನು ಹೇಳಿದರೆ ನೀನು ಸರಿಯಾಗಿ ಅಳೆಯುತ್ತೀಯ. ಸರಿಯಾಗಿ ಅಳೆದರೆ ಮುಂದಿನ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ನನ್ನ ಮುಖ ಉಳಿಸಿಕೊಳ್ಳಲು ನೋಡಿಯೇ ಇರದ ಒಬ್ಬ ಮನುಷ್ಯನ ಮೇಲೆ ಕಳಂಕ ಬೀಳಲು ಬಿಟ್ಟೆ. ಅವರಿಗೆ ನನ್ನ ನಮಸ್ಕಾರ ಹೇಳು. ಬೇಡ, ಹೇಳಬೇಡ. ಯಾವ ಮುಖದಿಂದ?

ಹಳೆಯ ಸರ್ಟಿಫಿಕೇಟನ್ನು ಅಲ್ಲಿ ಯಾರೂ ಕೆದಕಲಾರರು. ಹೇಳುವುದು ಬಿಡುವುದು ನಿನಗೆ ಸೇರಿದ್ದು. ನಾನು ಏನೆಂದೂ ಹೇಳಲಾರೆ. ಹೇಳುವ ಹಕ್ಕು ಕಳೆದುಕೊಂಡಿದ್ದೇನೆ.

ಮಾವ

*

ಅಕ್ಟೋಬರ್ 30, ಸಂಜೆ

ಮಾವ,

ನಿಮ್ಮ ಕಾಗದ ನಿನ್ನೆ ಸಿಕ್ಕಿತು. ಇವತ್ತು ಬೆಳಗ್ಗೆ ಓಡಿದೆ. ಗೆರೆಯಿಂದ ಒಂದು ಗೇಣು, ಮೊದಲ ನೂರರಲ್ಲಿ ಯಾರ ಮೇಲೂ ಸಿಟ್ಟಿಲ್ಲ. 62.4. ಹುಟ್ಟಿದಂದಿನಿಂದ ನಾನು ಓಡಿದ ಅತಿ ವೇಗದ ನಾನೂರು ಮೀಟರು ಅದು. ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಹೆಚ್ಚಾಯಿತು.

ಸ್ಪೋರ್ಟ್ಸ್ ಸರ್ ನನ್ನನ್ನು ಕಚೇರಿಗೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬಾಗಿಲು ಹಾಕಿ, “ನೋಡು, ನಿನ್ನ ಹಳೇ ಟೈಮು 61.2 ಇದೆ. ಇವತ್ತು ಮೈ ಸರಿ ಇರ್ಲಿಲ್ಲ ಅಂತ ಒಂದು ಅರ್ಜಿ ಬರೆದುಕೊಡು. ಹಳೇ ಟೈಮಿನ ಆಧಾರದ ಮೇಲೆ ಆರು ತಿಂಗಳು ಸೀಟು ಉಳಿಸೋಕೆ ನಿಯಮ ಇದೆ,” ಎಂದರು. ಕಾಗದ, ಪೆನ್ನು ಎರಡನ್ನೂ ಮುಂದಿಟ್ಟರು. ಒಂದು ವರ್ಷದಿಂದ ನಾನು ಅನುಮಾನಿಸಿದ ಮನುಷ್ಯ, ಮಾವ.

ಪೆನ್ನು ಕೈಗೆತ್ತಿಕೊಂಡೆ. ಸುಳ್ಳು ಹೇಳುವುದಿಲ್ಲ, ತುಂಬ ಹೊತ್ತು ಹಿಡಿದಿದ್ದೆ. ಆರು ತಿಂಗಳಲ್ಲಿ ಅಷ್ಟನ್ನು ಇಳಿಸುವುದು ನನಗೆ ದೊಡ್ಡದಲ್ಲ. ಆಮೇಲೆ ಹೇಳೋಣ ಎಂದೂ ಅನಿಸಿತು. ನಿಮ್ಮ ‘ಆಮೇಲೆ’ ನೆನಪಾಯಿತು.

“ಆ ಟೈಮು ನಾನೂರು ಮೀಟರಿಂದಲ್ಲ ಸರ್,” ಎಂದೆ. ಅದನ್ನೇ ಬರೆದುಕೊಟ್ಟೆ. ಸಹಿ ನಿಮ್ಮದಾದ್ದರಿಂದ ನಿಮ್ಮ ಹೆಸರನ್ನೂ ಬರೆಯಬೇಕಾಯಿತು. ಅಳತೆಯ ತಪ್ಪು ಎಂದು ಬರೆದಿದ್ದೇನೆ. ಮಿಕ್ಕದ್ದನ್ನು ನಿಮ್ಮ ಹೆಡ್ಮಾಸ್ಟರಿಗೆ ನೀವೇ ಬರೆಯಬೇಕು. ಬೀರುವಿನ ಬೀಗದ ಕೈ ಈ ಹೊತ್ತಿಗೆ ಬಂದಿರಬಹುದು.

ಸೀಟು ಹೋಯಿತು. ಶನಿವಾರದೊಳಗೆ ಕೋಣೆ ಖಾಲಿ ಮಾಡಬೇಕು. ಹೊಸಬರ ಜೊತೆ ಮಾರ್ಚಿನ ಆಯ್ಕೆಗೆ ಬರಬಹುದು ಎಂದಿದ್ದಾರೆ.

ತಾತ ಸೋಮವಾರದಿಂದಲೇ ಮೈದಾನಕ್ಕೆ ಮರಳಿದ್ದಾರೆ. ನಾನು ಎರಡನೇ ಕರಪತ್ರ ಅಂಟಿಸಿದೆ, ಈ ಸಲ ಕೆಳಗೆ ನನ್ನ ಹೆಸರು, ಕೋಣೆಯ ಸಂಖ್ಯೆ ಹಾಕಿ. ತಾತ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, “ಇದ್ರಲ್ಲೂ ಮಾತು ಜಾಸ್ತಿ ಆಯ್ತು,” ಎಂದರು. ಆಮೇಲೆ ಸುಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟು ಮಕ್ಕಳ ಶಾಲೆಗೆ ನಡೆದರು. ಇಬ್ಬರೂ ಸೇರಿ ಅಲ್ಲಿನ ಅಂಗಳದಲ್ಲಿ ಅರವತ್ತು ಮೀಟರಿನ ಒಂದು ಸುತ್ತು ಹಾಕಿದೆವು. ಅದರ ಪಕ್ಕ ಹಲಗೆಯಲ್ಲಿ “60” ಎಂದೇ ಬರೆದೆವು. ಆ ಪುಟಾಣಿ ಬಂದು, “ನಿಜ್ವಾಗ್ಲೂ ಅರವತ್ತಾ?” ಎಂದಳು. ಟೇಪು ಕೊಟ್ಟು, “ನೀನೇ ನೋಡು,” ಎಂದೆ.

ಹೊರಡುವೆನೆಂದು ಹೇಳಲು ಹೋದಾಗ ತಾತ ಇಪ್ಪತ್ತು ಸೆಂಟಿಮೀಟರಿಗೆ ಕತ್ತರಿಸಿದ ಒಂದು ಬಿದಿರ ಕಡ್ಡಿ ಕೊಟ್ಟರು. “ನಿಮ್ಮ ಮಾವನಿಗೆ ಕೊಡು. ಅವರ ಕೈ ಎಷ್ಟುದ್ದವೋ ನನಗೇನ್ ಗೊತ್ತು?”

ಸೈಕಲ್ ಅಂಗಡಿಯವರ ಮಗಳ ಸರ್ಟಿಫಿಕೇಟಿಗೆ ನಾನು ಬರುವವರೆಗೆ ಸಹಿ ಹಾಕಬೇಡಿ. ಅವಳಿಗೆ ವಿಷಯ ನೀವೇ ಹೇಳಿ, ನನ್ನ ಹಾಗೆ ಕಾಗದದಲ್ಲಿ ತಿಳಿಯುವುದು ಬೇಡ. ಮಾರ್ಚಿಗೆ ಇನ್ನೂ ಐದು ತಿಂಗಳಿದೆ. ಅವಳೂ ನಾನೂ ಒಟ್ಟಿಗೆ ಓಡುತ್ತೇವೆ. ಋಣ ಎಂದರೆ ಏನೆಂದು ಸುತ್ತೋಲೆ ಓದಿದಾಗ ತಿಳಿದಿರಲಿಲ್ಲ, ಈಗ ಸ್ವಲ್ಪ ತಿಳಿಯುತ್ತಿದೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮೊದಲು ಮನೆಗಲ್ಲ, ಮೈದಾನಕ್ಕೆ. ಗೂಟಗಳನ್ನು ತಯಾರು ಮಾಡಿ ಇಟ್ಟಿರಿ. ಟೇಪಿನ ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ.

ಅಂಕಿ ಮಾತ್ರ ನಾನು ಓದುತ್ತೇನೆ.

ನಿಮ್ಮ
ಸೊಸೆ